ಬಾಡಿಗೆಗೆ ಕೊಟ್ಟ ಕೌನ್ಸಿಲ್ ಮನೆಯನ್ನು ಬಾಡಿಗೆದಾರರಿಗೇ ಮಾರಬೇಕೇ?

ಪ್ರಶ್ನೆ: ನಮ್ಮ ಚಿಕ್ಕಮ್ಮ ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ ಒಂದು ಕೌನ್ಸಿಲ್ ಫ್ಲ್ಯಾಟ್‌ನಲ್ಲಿ 2003ರಿಂದ ಬಾಡಿಗೆಗಿದ್ದಾರೆ. ಎರಡು ಬೆಡ್‌ರೂಮಿನ ಮನೆ, ಮೂರನೇ ಮಹಡಿ. ಚಿಕ್ಕಪ್ಪ ತೀರಿಹೋದ ಮೇಲೆ ಮಗನ ಜೊತೆ ಅಲ್ಲೇ ಇದ್ದಾರೆ. ಈಗ ಮಗ ‘ಈ ಮನೆಯನ್ನೇ ಕೊಂಡುಬಿಡೋಣ, ಸರ್ಕಾರ ರಿಯಾಯಿತಿ ಕೊಡುತ್ತೆ’ ಅನ್ನುತ್ತಿದ್ದಾನೆ. ಆದರೆ ಆ ರಿಯಾಯಿತಿಯನ್ನೇ ಸರ್ಕಾರ ಕತ್ತರಿಸಿದೆ ಅಂತ ಕೇಳಿದೆ. ಇಷ್ಟು ವರ್ಷ ತಪ್ಪದೆ ಬಾಡಿಗೆ ಕಟ್ಟಿದವರಿಗೆ ತಾವಿರುವ ಮನೆಯನ್ನು ಕೊಳ್ಳುವ ಹಕ್ಕು ಇರಬೇಡವೇ? ಚಿಕ್ಕಮ್ಮ ಈಗ ಏನು ಮಾಡಿದರೆ ಒಳ್ಳೆಯದು? (ಓದುಗರೊಬ್ಬರು, ಮೈಸೂರು)

ಉತ್ತರ: ಇದರಲ್ಲಿ ಎರಡು ಪ್ರಶ್ನೆ ಇವೆ. ಹಕ್ಕು ಇರಬೇಕೇ ಅನ್ನುವುದು ಒಂದು, ಚಿಕ್ಕಮ್ಮ ಕೊಳ್ಳಬೇಕೇ ಅನ್ನುವುದು ಇನ್ನೊಂದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಾಡಿಗೆದಾರರು ಮನೆ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ಅವರು ಕೊಟ್ಟ ದುಡ್ಡಿನಲ್ಲಿ ಅಂಥದೇ ಇನ್ನೊಂದು ಮನೆ ಎದ್ದು ನಿಲ್ಲದಿದ್ದರೆ ಮಾರಬಾರದು. ಚಿಕ್ಕಮ್ಮನ ವಿಷಯಕ್ಕೆ ಬಂದರೆ, ಈಗಿನ ಲೆಕ್ಕದಲ್ಲಿ ಬೇಡ ಅಂತಲೇ ನನ್ನ ಸಲಹೆ.

ಕರ್ನಾಟಕದ ಓದುಗರಿಗೆ ಕೌನ್ಸಿಲ್ ಮನೆ ಅನ್ನುವುದೇ ಸ್ವಲ್ಪ ಹೊಸದು. ನಮ್ಮಲ್ಲಿ ಸರ್ಕಾರ ಬಡವರಿಗೆ ಮನೆ ಕೊಡುವುದೆಂದರೆ ಸಾಮಾನ್ಯವಾಗಿ ಹಕ್ಕುಪತ್ರವನ್ನೇ ಕೊಡುವುದು. ಸರ್ಕಾರವೇ ಮಾಲೀಕನಾಗಿ ಉಳಿದು, ತಲೆಮಾರುಗಟ್ಟಲೆ ಕಡಿಮೆ ಬಾಡಿಗೆಗೆ ಕೊಡುವ ಪದ್ಧತಿ ನೌಕರರ ಕ್ವಾರ್ಟರ್ಸ್ ಬಿಟ್ಟರೆ ನಮ್ಮಲ್ಲಿ ಬೇರೂರಲಿಲ್ಲ. ವಲಸೆ ಕಾರ್ಮಿಕರಿಗೆ ಬಾಡಿಗೆ ಮನೆಗಳ ಯೋಜನೆಯೊಂದನ್ನು ಕೇಂದ್ರ ಸರ್ಕಾರ ತಂದದ್ದೇ 2020ರಲ್ಲಿ. ಬ್ರಿಟನ್ನಿನ ಕಥೆ ಬೇರೆ. ಅಲ್ಲಿ 1919ರ ವಸತಿ ಕಾನೂನಿನ ನಂತರ ಕೌನ್ಸಿಲ್‌ಗಳು, ಅಂದರೆ ನಮ್ಮ ನಗರಸಭೆಯಂಥವು, ತಾವೇ ಮನೆ ಕಟ್ಟಿ ಬಾಡಿಗೆಗೆ ಕೊಡತೊಡಗಿದವು. 1980ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಹತ್ತರಲ್ಲಿ ಮೂರು ಕುಟುಂಬಗಳು ಇಂಥ ಮನೆಗಳಲ್ಲಿದ್ದವು. ಮೇಷ್ಟ್ರು, ಬಸ್ ಚಾಲಕ, ಕಾರ್ಖಾನೆಯ ಫೋರ್‌ಮನ್ ಎಲ್ಲರೂ ಅಲ್ಲಿದ್ದರು. ಕೌನ್ಸಿಲ್ ಮನೆ ಅಂದರೆ ಬಡವರ ಮನೆ ಅನ್ನುವ ಮಾತು ಬಲವಾದದ್ದು ಆಮೇಲೆ.

1980ರ ಅಕ್ಟೋಬರ್ 3ರಂದು ‘ಕೊಳ್ಳುವ ಹಕ್ಕು’ ಜಾರಿಗೆ ಬಂತು. ಮಾರ್ಗರೆಟ್ ಥ್ಯಾಚರ್ ಪ್ರಧಾನಿ, ಮೈಕಲ್ ಹೆಸೆಲ್ಟೈನ್ ವಸತಿಯ ಹೊಣೆ ಹೊತ್ತ ಮಂತ್ರಿ. ಅದಕ್ಕೂ ಮೊದಲೇ ಕೆಲವು ಕೌನ್ಸಿಲ್‌ಗಳು ತಾವಾಗಿಯೇ ಮನೆ ಮಾರುತ್ತಿದ್ದವು. ಅದೇ ವರ್ಷ ಆಗಸ್ಟಿನಲ್ಲಿ ಥ್ಯಾಚರ್ ಲಂಡನ್ನಿನ ಅಂಚಿನ ಹೆರಾಲ್ಡ್ ಹಿಲ್‌ಗೆ ಹೋಗಿ, 18 ವರ್ಷದಿಂದ ಬಾಡಿಗೆಗಿದ್ದ ಕುಟುಂಬವೊಂದು ಮನೆ ಕೊಂಡದ್ದನ್ನು ಕ್ಯಾಮೆರಾಗಳ ಮುಂದೆ ಆಚರಿಸಿದ್ದರು. ಆ ಮನೆಯ ಬೆಲೆ 8,315 ಪೌಂಡ್. ಹೊಸ ಕಾನೂನು ಮಾಡಿದ್ದು ಇಷ್ಟು: ಮಾರುವುದನ್ನು ಕೌನ್ಸಿಲ್‌ನ ಮರ್ಜಿಗೆ ಬಿಡದೆ ಬಾಡಿಗೆದಾರರ ಹಕ್ಕು ಮಾಡಿತು. ಮೂರು ವರ್ಷ ಇದ್ದವರಿಗೆ ಪೇಟೆ ಬೆಲೆಯಲ್ಲಿ ಶೇ 33 ಕಡಿತ. ಇದ್ದ ಪ್ರತಿ ಹೆಚ್ಚುವರಿ ವರ್ಷಕ್ಕೆ ಶೇ 1 ಜಾಸ್ತಿ, ಗರಿಷ್ಠ ಶೇ 50. ಕೆಲವೇ ವರ್ಷಗಳಲ್ಲಿ ಅದನ್ನು ಮನೆಗಳಿಗೆ ಶೇ 60ಕ್ಕೆ, ಫ್ಲ್ಯಾಟ್‌ಗಳಿಗೆ ಶೇ 70ಕ್ಕೆ ಏರಿಸಿದರು. ಜನ ಮುಗಿಬಿದ್ದರು. 1982-83ರ ಒಂದೇ ವರ್ಷದಲ್ಲಿ ಇಂಗ್ಲೆಂಡಿನಲ್ಲಿ 1.6 ಲಕ್ಷಕ್ಕೂ ಹೆಚ್ಚು ಮನೆ ಮಾರಾಟವಾದವು. ಇಲ್ಲಿಯವರೆಗೆ ಸುಮಾರು 20 ಲಕ್ಷ.

ಇದರಿಂದ ಲಾಭವೇ ಆಗಲಿಲ್ಲ ಅನ್ನುವವರ ಜೊತೆ ನಾನು ನಿಲ್ಲುವುದಿಲ್ಲ. ಆಗಿನ ಕೌನ್ಸಿಲ್‌ಗಳು ಒಳ್ಳೆಯ ಮಾಲೀಕರೇನೂ ಆಗಿರಲಿಲ್ಲ. ಮುಂಬಾಗಿಲಿಗೆ ಯಾವ ಬಣ್ಣ ಅನ್ನುವುದನ್ನೂ ಅವೇ ತೀರ್ಮಾನಿಸುತ್ತಿದ್ದವು. ಕೊಂಡವರು ಮೊದಲು ಮಾಡಿದ ಕೆಲಸವೇ ಬಾಗಿಲಿಗೆ ಬೇರೆ ಬಣ್ಣ ಬಳಿಯುವುದು. ಬೀದಿಯಲ್ಲಿ ನಡೆದುಹೋದರೆ ಯಾವ ಮನೆ ಮಾರಾಟವಾಗಿದೆ ಅಂತ ಬಾಗಿಲು ನೋಡಿಯೇ ಹೇಳಬಹುದಿತ್ತು. ಆಸ್ತಿ ಅಂತ ಏನೂ ಇಲ್ಲದ ಲಕ್ಷಾಂತರ ದುಡಿಯುವ ಕುಟುಂಬಗಳಿಗೆ ಮೊದಲ ಸಲ ಮಕ್ಕಳಿಗೆ ಬಿಟ್ಟುಹೋಗುವಂಥದ್ದು ಒಂದು ಸಿಕ್ಕಿತು. ದುಡ್ಡಿದ್ದವರ ಮಕ್ಕಳಿಗೆ ಮನೆ ಬರುವುದು ಸಹಜ, ಕೂಲಿಯವರ ಮಕ್ಕಳಿಗೆ ಬಂದರೆ ಮಾತ್ರ ತಪ್ಪು ಅನ್ನುವ ವಾದ ನನಗೆ ಇಂದಿಗೂ ಹಿಡಿಸುವುದಿಲ್ಲ.

ತೊಂದರೆ ಇರುವುದು ದುಡ್ಡು ಹೋದ ದಾರಿಯಲ್ಲಿ. ಒಂದು ಮನೆಯನ್ನು ಅರ್ಧ ಬೆಲೆಗೆ ಮಾರಿದರೆ, ಬಂದ ದುಡ್ಡಿನಲ್ಲಿ ಇನ್ನೊಂದು ಮನೆ ಕಟ್ಟುವುದೇ ಕಷ್ಟ. ಅದರ ಮೇಲೆ, ಆ ದುಡ್ಡನ್ನೂ ಪೂರ್ತಿ ಖರ್ಚು ಮಾಡಲು ಕೇಂದ್ರ ಸರ್ಕಾರ ಕೌನ್ಸಿಲ್‌ಗಳಿಗೆ ಬಿಡಲಿಲ್ಲ. 1990ರಿಂದ ಮಾರಾಟದ ಹಣದಲ್ಲಿ ಶೇ 75ನ್ನು ಹಳೆಯ ಸಾಲಕ್ಕೆ ಎತ್ತಿಡಬೇಕು ಅನ್ನುವ ನಿಯಮ ಬಂತು. ಕಟ್ಟುವುದು ಹೆಚ್ಚುಕಡಿಮೆ ನಿಂತೇಹೋಯಿತು. 1980ರ ಸುಮಾರಿಗೆ ವರ್ಷಕ್ಕೆ ಹತ್ತಾರು ಸಾವಿರ ಮನೆ ಕಟ್ಟುತ್ತಿದ್ದ ಕೌನ್ಸಿಲ್‌ಗಳು 1990ರ ದಶಕದ ಕೊನೆಗೆ ಕೆಲವು ನೂರು ಮನೆಗಳಿಗೆ ಇಳಿದವು. 2012ರಲ್ಲಿ ರಿಯಾಯಿತಿಯನ್ನು ಮತ್ತೆ ಏರಿಸಿದಾಗ, ಹೆಚ್ಚುವರಿಯಾಗಿ ಮಾರಾಟವಾಗುವ ಪ್ರತಿ ಮನೆಗೆ ಬದಲಾಗಿ ಒಂದು ಹೊಸ ಮನೆ ಅಂತ ಸರ್ಕಾರ ಮಾತು ಕೊಟ್ಟಿತ್ತು. ಆದರೆ ಆ ನಂತರ ಮಾರಿದ ಮನೆಗಳ ಅರ್ಧದಷ್ಟೂ ಬದಲಿ ಮನೆಗಳು ಬರಲಿಲ್ಲ.

ಇಲ್ಲಿ ಈ ಹಕ್ಕಿನ ಪರ ಇರುವವರು ಒಂದು ಗಟ್ಟಿ ಪ್ರಶ್ನೆ ಕೇಳುತ್ತಾರೆ. ‘ಸ್ವಾಮಿ, ಆ ಬಾಡಿಗೆದಾರ ಹೇಗೂ ಆ ಮನೆ ಬಿಟ್ಟು ಹೋಗುತ್ತಿರಲಿಲ್ಲ. ಅವನಿಗೇ ಮಾರಿದರೆ ಸರದಿಯಲ್ಲಿ ಕಾಯುತ್ತಿರುವವರಿಗೆ ನಷ್ಟ ಎಲ್ಲಿಂದ?’ ಮಾರಿದ ದಿನದ ಮಟ್ಟಿಗೆ ಈ ಮಾತು ನಿಜವೇ. ಮೊದಲ ಹತ್ತು ವರ್ಷವೂ ಹೆಚ್ಚುಕಡಿಮೆ ನಿಜ. ಲೆಕ್ಕ ತಿರುಗುವುದು ಆಮೇಲೆ.

1983ರಲ್ಲಿ 45 ವರ್ಷದ ದಂಪತಿ ಒಂದು ಮನೆ ಕೊಂಡರು ಅಂತ ಇಟ್ಟುಕೊಳ್ಳಿ. ಕೊಳ್ಳದಿದ್ದರೂ ಅವರು ಬಾಡಿಗೆಗೆ ಅಲ್ಲೇ ಇರುತ್ತಿದ್ದರು. ಆದರೆ ಅವರ ಕಾಲ ಮುಗಿದ ಮೇಲೆ, ಸುಮಾರು 2010ರ ಹೊತ್ತಿಗೆ, ಆ ಮನೆ ಕೌನ್ಸಿಲ್‌ಗೆ ವಾಪಸ್ ಬರುತ್ತಿತ್ತು. ಪಟ್ಟಿಯಲ್ಲಿದ್ದ ಇನ್ನೊಂದು ಕುಟುಂಬಕ್ಕೆ ಸಿಗುತ್ತಿತ್ತು. ಮಾರಿದ್ದರಿಂದ ಅದು ಬರಲಿಲ್ಲ. ಅಂದರೆ 1983ರ ತೀರ್ಮಾನದ ನಷ್ಟವನ್ನು ಕಟ್ಟಿದವರು 2010ರ ನಂತರದ ಜನ. ಅವರಲ್ಲಿ ಎಷ್ಟೋ ಮಂದಿ 1983ರಲ್ಲಿ ಹುಟ್ಟಿಯೇ ಇರಲಿಲ್ಲ. ಓಟು ಹಾಕುವ ವಯಸ್ಸಿನ ಬಾಡಿಗೆದಾರ ಕಣ್ಣಿಗೆ ಕಾಣುತ್ತಾನೆ, ಅವನ ಖುಷಿಯೂ ಕಾಣುತ್ತದೆ. ಇಪ್ಪತ್ತೈದು ವರ್ಷದ ನಂತರ ಕೀಲಿಕೈ ಸಿಗದೆ ಹೋಗುವವಳು ಯಾರಿಗೂ ಕಾಣುವುದಿಲ್ಲ. ಈ ಚರ್ಚೆ ಯಾವಾಗಲೂ ಕೊಳ್ಳುವವರು ಮತ್ತು ಸರ್ಕಾರ ಅನ್ನುವ ಇಬ್ಬರ ನಡುವೆಯೇ ನಡೆಯುತ್ತದೆ. ಮೂರನೆಯವರೊಬ್ಬರು ಇದ್ದಾರೆ ಅನ್ನುವುದನ್ನು ಎರಡೂ ಕಡೆಯವರು ಮರೆಯುತ್ತಾರೆ. ನನ್ನ ವಾದವೆಲ್ಲ ಇರುವುದು ಇಷ್ಟರಲ್ಲೇ.

ಆ ಮೂರನೆಯವರು ಈಗ ಎಷ್ಟು ಮಂದಿ? 2024ರ ಮಾರ್ಚ್ ಹೊತ್ತಿಗೆ ಇಂಗ್ಲೆಂಡಿನ ಕೌನ್ಸಿಲ್‌ಗಳ ಕಾಯುವ ಪಟ್ಟಿಯಲ್ಲಿ 13.3 ಲಕ್ಷ ಕುಟುಂಬಗಳಿದ್ದವು. ಅದೇ ಸುಮಾರಿಗೆ 1,17,000ಕ್ಕೂ ಹೆಚ್ಚು ಕುಟುಂಬಗಳು ತಾತ್ಕಾಲಿಕ ವಸತಿಯಲ್ಲಿದ್ದವು. ತಾತ್ಕಾಲಿಕ ಅಂದರೆ ಒಂದೆರಡು ವಾರ ಅಂದುಕೊಳ್ಳಬೇಡಿ, ಕೆಲವರಿಗೆ ಅದು ವರ್ಷಗಟ್ಟಲೆ. ಹೋಟೆಲಿನ ಒಂದು ಕೋಣೆಯಲ್ಲಿ ಅಮ್ಮ, ಇಬ್ಬರು ಮಕ್ಕಳು, ಅಡುಗೆಗೆ ಜಾಗವಿಲ್ಲ. ನಿಮ್ಮ ಚಿಕ್ಕಮ್ಮ ಇರುವ ಈಸ್ಟ್ ಹ್ಯಾಮ್ ಸೇರುವುದು ನ್ಯೂಹ್ಯಾಮ್ ಕೌನ್ಸಿಲ್‌ಗೆ. ಜನಸಂಖ್ಯೆಯ ಲೆಕ್ಕದಲ್ಲಿ ಇಂಗ್ಲೆಂಡಿನಲ್ಲೇ ಅತಿ ಹೆಚ್ಚು ಕುಟುಂಬಗಳು ಹೀಗೆ ತಾತ್ಕಾಲಿಕ ವಸತಿಯಲ್ಲಿರುವುದು ಅಲ್ಲೇ.

ಇನ್ನೊಂದು ವಿಪರೀತವೂ ಇದೆ. ಹೀಗೆ ಮಾರಿದ ಫ್ಲ್ಯಾಟ್‌ಗಳಲ್ಲಿ ಹತ್ತಕ್ಕೆ ಸುಮಾರು ನಾಲ್ಕು ಈಗ ಖಾಸಗಿ ಬಾಡಿಗೆಗೆ ಹೋಗಿವೆ ಅಂತ ಲಂಡನ್ನಿನ ಲೆಕ್ಕಗಳು ಹೇಳುತ್ತವೆ. ಮೊದಲು ಕೊಂಡವರು ಮಾರಿದರು, ಅವರಿಂದ ಇನ್ನೊಬ್ಬರು ಕೊಂಡರು, ಅವರು ಬಾಡಿಗೆಗೆ ಬಿಟ್ಟರು. ಪಕ್ಕದ ಕೌನ್ಸಿಲ್ ಬಾಡಿಗೆದಾರ ಕಟ್ಟುವುದರ ಎರಡು ಪಟ್ಟಿಗೂ ಜಾಸ್ತಿ ಬಾಡಿಗೆ. ಕೆಲವು ಸಲ ಮನೆಯಿಲ್ಲದ ಕುಟುಂಬವನ್ನು ಇರಿಸಲು ಕೌನ್ಸಿಲ್ ತಾನೇ ಮಾರಿದ ಫ್ಲ್ಯಾಟನ್ನು ಪೇಟೆ ದರಕ್ಕೆ ಬಾಡಿಗೆಗೆ ಹಿಡಿಯುತ್ತದೆ. ಹಸು ಮಾರಿ ಅದೇ ಹಸುವಿನ ಹಾಲನ್ನು ದಿನಾ ಲೀಟರ್ ಲೆಕ್ಕದಲ್ಲಿ ಕೊಂಡ ಹಾಗೆ. ಹೀಗೆ ಮಾರಿದ ಮನೆಗಳನ್ನು ವಾಪಸ್ ಕೊಳ್ಳಲು ಲಂಡನ್ ಮೇಯರ್ 2021ರಲ್ಲಿ ಕೌನ್ಸಿಲ್‌ಗಳಿಗೆ ಹಣ ಕೊಡುವ ಯೋಜನೆಯನ್ನೇ ತರಬೇಕಾಯಿತು. ಕಳೆದ ಶತಮಾನದಲ್ಲಿ ಸಾವಿರಗಳಿಗೆ ಕೊಟ್ಟದ್ದನ್ನು ಈಗ ಲಕ್ಷಗಳಿಗೆ ಕೊಳ್ಳುವುದು.

ಮನೆಗಳ ಆಯ್ಕೆಯೂ ಸಮ ಇರಲಿಲ್ಲ. ಹಿತ್ತಲು, ಮುಂದೊಂದು ಪುಟ್ಟ ತೋಟ ಇದ್ದ ಒಂಟಿ ಮನೆಗಳು ಮೊದಲು ಹೋದವು. ಎತ್ತರದ ಕಟ್ಟಡಗಳ ಫ್ಲ್ಯಾಟ್‌ಗಳು ಉಳಿದವು. ಸಂಬಳ ಗಟ್ಟಿ ಇದ್ದವರು ಕೊಂಡರು, ಇಲ್ಲದವರು ಉಳಿದರು. ಹತ್ತರಲ್ಲಿ ಮೂರು ಕುಟುಂಬ ಇದ್ದದ್ದು ಈಗ ಹೌಸಿಂಗ್ ಅಸೋಸಿಯೇಷನ್, ಅಂದರೆ ಲಾಭಕ್ಕಲ್ಲದೆ ಕಡಿಮೆ ಬಾಡಿಗೆಗೆ ಮನೆ ಕೊಡುವ ಸಂಸ್ಥೆಗಳ ಮನೆಗಳನ್ನೂ ಸೇರಿಸಿ ಶೇ 17ರ ಆಸುಪಾಸಿಗೆ ಇಳಿದಿದೆ.

ಇದನ್ನೆಲ್ಲ ನೋಡಿ ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಈ ಹಕ್ಕನ್ನು ರದ್ದು ಮಾಡಿದವು. ಇಂಗ್ಲೆಂಡ್ ರದ್ದು ಮಾಡಿಲ್ಲ, ಹಿಂಡಿದೆ. ಲಂಡನ್ನಿನಲ್ಲಿ 1,36,400 ಪೌಂಡಿನವರೆಗೆ ಏರಿದ್ದ ಗರಿಷ್ಠ ರಿಯಾಯಿತಿಯನ್ನು 2024ರ ನವೆಂಬರ್ 21ರಿಂದ ಬಹುತೇಕ ಬರೋಗಳಲ್ಲಿ, ಅಂದರೆ ಒಂದೊಂದು ಕೌನ್ಸಿಲ್‌ನ ವ್ಯಾಪ್ತಿಯಲ್ಲಿ, 16,000ಕ್ಕೆ ಇಳಿಸಿದರು. ನ್ಯೂಹ್ಯಾಮ್‌ನಲ್ಲೂ ಅಷ್ಟೇ. ರೋಡಿಂಗ್ ಹೊಳೆ ದಾಟಿ ಪಕ್ಕದ ಬಾರ್ಕಿಂಗ್‌ಗೆ ಹೋದರೆ 38,000. ಮಾರಾಟದ ಹಣವನ್ನು ಪೂರ್ತಿಯಾಗಿ ಇಟ್ಟುಕೊಳ್ಳಲು ಕೌನ್ಸಿಲ್‌ಗಳಿಗೆ ಬಿಟ್ಟರು. 2025ರ ಜುಲೈನಲ್ಲಿ ಇನ್ನಷ್ಟು ಬಿಗಿ ಘೋಷಣೆಯಾಯಿತು: ಅರ್ಹತೆಗೆ ಈಗಿನ 3 ವರ್ಷದ ಬದಲು 10 ವರ್ಷ, ರಿಯಾಯಿತಿ ಶೇ 5ರಿಂದ ಗರಿಷ್ಠ ಶೇ 15, ಹೊಸದಾಗಿ ಕಟ್ಟಿದ ಮನೆಗಳನ್ನು 35 ವರ್ಷ ಮಾರುವಂತಿಲ್ಲ. ಇವಕ್ಕೆ ಕಾನೂನು ತಿದ್ದುಪಡಿ ಬೇಕು.

ಹಾಗಾದರೆ ಮಾರಿದ ಕಡೆಯೆಲ್ಲ ಹೀಗೇ ಆಯಿತೇ? ಇಲ್ಲ. ಸಿಂಗಪುರ ನೋಡಿ. ಅಲ್ಲಿ ಸರ್ಕಾರಿ ವಸತಿ ಮಂಡಳಿ ಶುರುವಾದದ್ದು 1960ರಲ್ಲಿ, ಮನೆ ಮಾರಲು ಆರಂಭಿಸಿದ್ದು 1964ರಲ್ಲಿ. ಇವತ್ತು ಅಲ್ಲಿನ ನಿವಾಸಿಗಳಲ್ಲಿ ಹತ್ತಕ್ಕೆ ಎಂಟು ಮಂದಿಯಷ್ಟು ಮಂಡಳಿಯ ಫ್ಲ್ಯಾಟ್‌ಗಳಲ್ಲಿದ್ದಾರೆ, ಅವರಲ್ಲಿ ಬಹುಪಾಲು ಜನ ಕೊಂಡವರೇ. ಆದರೆ ಅಲ್ಲಿ ಮಾರುವುದು 99 ವರ್ಷದ ಲೀಸ್, ಜಾಗ ಸರ್ಕಾರದ್ದೇ. ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ತಾವೇ ವಾಸ ಇರಬೇಕು, ಆಮೇಲಷ್ಟೇ ಮಾರಬಹುದು. ಎಲ್ಲಕ್ಕಿಂತ ಮುಖ್ಯ, ಮಾರುತ್ತಲೇ ಕಟ್ಟುವುದನ್ನೂ ಮುಂದುವರಿಸಿದರು. ಅತ್ತ ವಿಯೆನ್ನಾ ಮಾರಲೇ ಇಲ್ಲ. ಅಲ್ಲಿ ನಗರಪಾಲಿಕೆಯ ಕೈಯಲ್ಲಿ ಇವತ್ತಿಗೂ ಸುಮಾರು 2,20,000 ಬಾಡಿಗೆ ಮನೆಗಳಿವೆ, ಮಧ್ಯಮ ವರ್ಗದವರೂ ಅದರಲ್ಲಿದ್ದಾರೆ. ಎರಡೂ ದಾರಿ ನಡೆಯುತ್ತವೆ. ನಡೆಯದ್ದು ಬ್ರಿಟನ್ ಹಿಡಿದ ದಾರಿ: ಅಗ್ಗಕ್ಕೆ ಮಾರು, ದುಡ್ಡು ಬೇರೆ ಕಡೆ ಕಳಿಸು, ಕಟ್ಟುವುದು ನಿಲ್ಲಿಸು.

ನನ್ನ ಕೈಯಲ್ಲಿದ್ದರೆ ಹಕ್ಕನ್ನು ಪೂರ್ತಿ ತೆಗೆಯುವುದಿಲ್ಲ. ಬದಲಿ ಮನೆ ಕಟ್ಟಲು ಅಥವಾ ಕೊಳ್ಳಲು ಏನು ಖರ್ಚಾಗುತ್ತದೋ ಅದಕ್ಕಿಂತ ಕಡಿಮೆಗೆ ಮಾರಬೇಡಿ ಅನ್ನುತ್ತೇನೆ. ಮತ್ತೆ ಮಾರುವಾಗ ಮೊದಲು ಕೌನ್ಸಿಲ್‌ಗೇ ಕೇಳಬೇಕು ಅನ್ನುವ ನಿಯಮ ಈಗ ಹತ್ತು ವರ್ಷಕ್ಕೆ ಮಾತ್ರ ಇದೆ. ಅದನ್ನು ಶಾಶ್ವತ ಮಾಡುತ್ತೇನೆ. ನಮ್ಮ ಬಿಡಿಎ ನಿವೇಶನಗಳಿಗೆ ಹತ್ತು ವರ್ಷದ ‘ಲೀಸ್ ಕಮ್ ಸೇಲ್’ ಷರತ್ತು ಇದೆ ಅಲ್ವಾ, ಹೆಚ್ಚುಕಡಿಮೆ ಅದೇ ಯೋಚನೆ. ಹೀಗೆ ಮಾಡಿದರೆ ಲಂಡನ್ನಿನಲ್ಲಿ ಕೊಳ್ಳುವವರೇ ಇರುವುದಿಲ್ಲ ಅಂತ ನೀವು ಹೇಳಬಹುದು. ನಿಜ, ಬಹಳ ಕಡಿಮೆ ಇರುತ್ತಾರೆ. ಮನೆ ಅಷ್ಟು ಅಭಾವ ಇರುವ ಊರಿನಲ್ಲಿ ಹಾಗಾಗುವುದೇ ಸರಿ ಅಂತ ನನ್ನ ಲೆಕ್ಕ. ಮನೆಗಳು ಖಾಲಿ ಬಿದ್ದಿರುವ ಊರುಗಳೂ ಇಂಗ್ಲೆಂಡಿನ ಉತ್ತರದಲ್ಲಿವೆ, ಅಲ್ಲಿ ಮಾರಿದರೆ ನನ್ನ ತಕರಾರಿಲ್ಲ.

ಇನ್ನು ಚಿಕ್ಕಮ್ಮ. ಅವರ ಫ್ಲ್ಯಾಟಿನ ಬೆಲೆ 3,20,000 ಪೌಂಡ್ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಮಗ 30,000 ಕೈಯಿಂದ ಹಾಕುತ್ತಾನೆ ಅಂದುಕೊಳ್ಳೋಣ. ಶೇ 5ರ ಬಡ್ಡಿ, 25 ವರ್ಷದ ಸಾಲ. ಹಳೆಯ ರಿಯಾಯಿತಿ ಇದ್ದಿದ್ದರೆ ತಿಂಗಳ ಕಂತು ಸುಮಾರು 900 ಪೌಂಡ್ ಆಗುತ್ತಿತ್ತು. ಈಗಿನ 16,000ದ ರಿಯಾಯಿತಿಯಲ್ಲಿ ಅದು 1,600. ಕೌನ್ಸಿಲ್ ಬಾಡಿಗೆ ಇದರ ಹತ್ತಿರಕ್ಕೂ ಬರುವುದಿಲ್ಲ. ಚಿಕ್ಕಮ್ಮನ ವಯಸ್ಸು ಬರೆದಿಲ್ಲ. ಐವತ್ತೈದು ದಾಟಿದ್ದರೆ 25 ವರ್ಷದ ಸಾಲ ಅವರ ಹೆಸರಿಗೆ ಸಿಗುವುದೇ ಕಷ್ಟ, ಹೊರೆಯೆಲ್ಲ ಮಗನ ಮೇಲೆ. ಬಾಡಿಗೆ ಕಟ್ಟಲು ಅವರಿಗೆ ಸರ್ಕಾರದ ಸಹಾಯಧನ ಬರುತ್ತಿದ್ದರೆ, ಮಾಲೀಕರಾದ ದಿನವೇ ಅದು ನಿಲ್ಲುತ್ತದೆ.

ಅದಕ್ಕಿಂತ ದೊಡ್ಡದು ಲೀಸ್‌ಹೋಲ್ಡ್ ವಿಷಯ. ಫ್ಲ್ಯಾಟ್ ಕೊಂಡರೆ ಸಿಗುವುದು ಸಾಮಾನ್ಯವಾಗಿ 125 ವರ್ಷದ ಲೀಸ್, ಕಟ್ಟಡ ಕೌನ್ಸಿಲ್‌ನದ್ದೇ. ಚಾವಣಿ, ಲಿಫ್ಟ್, ಕಿಟಕಿ, ಬೆಂಕಿ ಸುರಕ್ಷತೆಯ ಕೆಲಸ ಯಾವುದೇ ಇರಲಿ, ನಿಮ್ಮ ಪಾಲು ಕಟ್ಟಬೇಕು. ಬಾಡಿಗೆದಾರರಿಗೆ ಈ ಬಿಲ್ ಬರುವುದಿಲ್ಲ, ಕೊಂಡವರಿಗೆ ಬರುತ್ತದೆ. ಲಂಡನ್ನಿನ ಹಳೆಯ ಕಟ್ಟಡಗಳಲ್ಲಿ ಹತ್ತಾರು ಸಾವಿರ ಪೌಂಡ್ ಬಿಲ್ ಬಂದು ಕಂಗಾಲಾದವರು ಬಹಳ ಮಂದಿ. ಕೊಳ್ಳುವ ಮುಂಚೆ ಕೌನ್ಸಿಲ್ ಕಳಿಸುವ ‘ಸೆಕ್ಷನ್ 125’ ನೋಟಿಸಿನಲ್ಲಿ ಮೊದಲ ಐದು ವರ್ಷದ ಸರ್ವಿಸ್ ಚಾರ್ಜ್ ಮತ್ತು ರಿಪೇರಿಯ ಅಂದಾಜು ಇರಬೇಕು. ಹಣದುಬ್ಬರ ಬಿಟ್ಟರೆ ಆ ಐದು ವರ್ಷ ರಿಪೇರಿಗೆ ಅದನ್ನು ಮೀರಿ ಕೇಳುವಂತಿಲ್ಲ. ಆರನೇ ವರ್ಷದಿಂದ ಆ ರಕ್ಷಣೆ ಇಲ್ಲ. ಬೆಲೆಯ ಅಂಕಿ ನೋಡಿ ಕುಣಿಯುವ ಮುಂಚೆ ಆ ಪುಟ ಓದಿ.

ಮಗನ ಆತಂಕ ಬಹುಶಃ ಬೇರೆ ಇದೆ, ಅಮ್ಮನ ನಂತರ ಮನೆ ಬಿಡಬೇಕಾಗುತ್ತದೆಯೇ ಅಂತ. ಅದಕ್ಕೆ ಕೊಳ್ಳುವುದೊಂದೇ ದಾರಿ ಅಲ್ಲ. 2012ರ ಏಪ್ರಿಲ್‌ಗೆ ಮುಂಚಿನ ‘ಸೆಕ್ಯೂರ್’, ಅಂದರೆ ಕಾನೂನಿನ ಭದ್ರತೆ ಇರುವ, ಬಾಡಿಗೆ ಕರಾರಾದರೆ, ಕನಿಷ್ಠ ಒಂದು ವರ್ಷದಿಂದ ಜೊತೆಗಿರುವ ಮಗನಿಗೆ ಬಾಡಿಗೆ ಹಕ್ಕು ಮುಂದುವರಿಯುತ್ತದೆ. ಆದರೆ ಹೀಗೆ ಮುಂದುವರಿಯುವುದು ಒಂದೇ ಸಲ. ಕರಾರು ಮೊದಲು ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರ ಹೆಸರಲ್ಲಿದ್ದು, ಆಮೇಲೆ ಚಿಕ್ಕಮ್ಮ ಒಬ್ಬರದ್ದಾಗಿದ್ದರೆ ಆ ಒಂದು ಸಲ ಮುಗಿದುಹೋಗಿದೆ ಅಂತಲೇ ಅರ್ಥ. ಚಿಕ್ಕಪ್ಪನ ಒಬ್ಬರ ಹೆಸರಲ್ಲಿದ್ದು ಬಂದಿದ್ದರೂ ಅಷ್ಟೇ. 2003ರಿಂದ ಚಿಕ್ಕಮ್ಮನ ಹೆಸರೊಂದೇ ಇದ್ದರೆ ಮಗನಿಗೆ ಅವಕಾಶ ಇದೆ. ಮನೆ ಅವನೊಬ್ಬನಿಗೆ ದೊಡ್ಡದು ಅಂತ ಕೌನ್ಸಿಲ್ ಚಿಕ್ಕದಕ್ಕೆ ಕಳಿಸಬಹುದು, ಬೀದಿಗೆ ಹಾಕುವುದಿಲ್ಲ. ಆ ಹಳೆಯ ಕರಾರು ಪತ್ರವನ್ನು ಮೊದಲು ಹುಡುಕಿಸಿ.

ಒಂದು ಎಚ್ಚರಿಕೆ. ‘ನಾವು ದುಡ್ಡು ಹಾಕುತ್ತೇವೆ, ನಿಮ್ಮ ಹೆಸರಲ್ಲಿ ಕೊಳ್ಳಿ, ಆಮೇಲೆ ನಮಗೆ ಬರೆದುಕೊಡಿ’ ಅಂತ ಕೆಲವು ಮಧ್ಯವರ್ತಿಗಳು ಇಂಥ ಬಾಡಿಗೆದಾರರನ್ನು ಹುಡುಕಿಕೊಂಡು ಬರುತ್ತಾರೆ. ಐದು ವರ್ಷದೊಳಗೆ ಮಾರಿದರೆ ರಿಯಾಯಿತಿ ವಾಪಸ್ ಕಟ್ಟಬೇಕು, ಮೊದಲ ವರ್ಷವಾದರೆ ಪೂರ್ತಿ. ಹೀಗೆ ಮುಂದೆ ಕೊಡುತ್ತೇವೆ ಅಂತ ಒಪ್ಪಂದ ಮಾಡಿಕೊಂಡರೂ ಕಾನೂನು ಅದನ್ನು ಮಾರಾಟ ಅಂತಲೇ ನೋಡುತ್ತದೆ. ಅಂಥವರು ಬಂದರೆ ಚಹಾ ಕೊಟ್ಟು ಕಳಿಸಲಿ, ಸಹಿ ಹಾಕುವುದು ಬೇಡ.

ಇಷ್ಟಾದ ಮೇಲೂ ಮಗನಿಗೆ ಒಳ್ಳೆಯ ಸಂಬಳ ಇದೆ, ಅಲ್ಲೇ ಮೂವತ್ತು ವರ್ಷ ಇರುತ್ತಾನೆ, ದೊಡ್ಡ ರಿಪೇರಿಗೆ ಬೇರೆ ದುಡ್ಡು ಎತ್ತಿಡಬಲ್ಲ ಅನ್ನುವುದಾದರೆ ಅರ್ಜಿ ಹಾಕುವುದರಲ್ಲಿ ನಷ್ಟವಿಲ್ಲ. ಅರ್ಜಿಗೆ ಶುಲ್ಕ ಇಲ್ಲ, ಆಫರ್ ಬಂದ ಮೇಲೂ ಬೇಡ ಅನ್ನಬಹುದು. ಒಂದು ವರ್ಷದಿಂದ ಜೊತೆಗಿದ್ದರೆ ಅವನ ಹೆಸರನ್ನೂ ಅರ್ಜಿಯಲ್ಲಿ ಸೇರಿಸಬಹುದು. ಆಫರ್ ಬಂದಾಗ, ಸಾಲ ಕೊಡಿಸುವವರು ತೋರಿಸುವ ವಕೀಲರ ಹತ್ತಿರ ಹೋಗಬೇಡಿ. ಬೇರೆ ಸಾಲಿಸಿಟರ್ ಒಬ್ಬರಿಗೆ ಆ ಲೀಸ್ ಓದಿಸಿ.